ಬಡ್ಡಿ ಏರಿದರೆ ಹಳೆಯ ಬಾಂಡಿನ ಬೆಲೆ ಇಳಿಯುವುದೇಕೆ?

ಪ್ರಶ್ನೆ: ನಾನು ಬಿ.ಕಾಂ. ವಿದ್ಯಾರ್ಥಿನಿ. ಬಡ್ಡಿದರ ಏರಿದರೆ ಬಾಂಡ್ ಬೆಲೆ ಇಳಿಯುತ್ತದೆ ಎಂದು ಬಾಯಿಪಾಠ ಮಾಡಿದ್ದೇನೆ. ಆದರೆ ತಲೆಗೆ ಹತ್ತುತ್ತಿಲ್ಲ. ಬಡ್ಡಿ ಜಾಸ್ತಿಯಾದರೆ ಬಾಂಡ್ ಇಟ್ಟುಕೊಂಡವರಿಗೆ ಲಾಭ ಅಲ್ವಾ? ಅವಧಿ ಮುಗಿಯುವ ತನಕ ಮಾರದೆ ಇಟ್ಟುಕೊಂಡರೆ ನಷ್ಟವೇ ಇಲ್ಲ ಅನ್ನುತ್ತಾರೆ. ಅದು ನಿಜವೇ?

ಉತ್ತರ: ಬಾಂಡ್ ಅಂದರೆ ಸಾಲಪತ್ರ. ಅದನ್ನು ಕೊಂಡವರು ಹೊರಡಿಸಿದವರಿಗೆ ಸಾಲ ಕೊಟ್ಟಂತೆ. ಏರಿದ್ದು ಮಾರುಕಟ್ಟೆಯ ಬಡ್ಡಿ. ಕೈಯಲ್ಲಿರುವ ಬಾಂಡಿನ ಬಡ್ಡಿ ಇದ್ದಲ್ಲೇ ಇರುತ್ತದೆ. ಅದನ್ನು ಬಾಂಡ್ ಹೊರಡಿಸಿದ ದಿನವೇ ಗೊತ್ತುಮಾಡಿ ಆಗಿದೆ. (ಬದಲಾಗುವ ಬಡ್ಡಿಯ ಬಾಂಡುಗಳೂ ಇವೆ, ಅವುಗಳ ಲೆಕ್ಕ ಬೇರೆ.)

ಒಂದು ಬಾಂಡ್ ತೆಗೆದುಕೊಳ್ಳಿ. ಮುಖಬೆಲೆ 1000, ಬಡ್ಡಿ ಶೇ 5. ವರ್ಷಕ್ಕೆ 50 ಬರುತ್ತದೆ, ಕೊನೆಗೆ 1000 ವಾಪಸ್. ಈಗ ಅಷ್ಟೇ ಭದ್ರತೆಯ ಹೊಸ ಬಾಂಡುಗಳು ಶೇ 7 ಕೊಡಲು ಶುರುಮಾಡಿದವು ಅನ್ನಿ. ಅಲ್ಲಿ 70 ಸಿಗುವಾಗ ನಿಮ್ಮ 50ರ ಬಾಂಡನ್ನು 1000 ಕೊಟ್ಟು ಯಾರು ಕೊಳ್ಳುತ್ತಾರೆ? ಬಡ್ಡಿ ಹೆಚ್ಚಿಸಿ ಕೊಡಲು ನಿಮ್ಮಿಂದ ಆಗುವುದಿಲ್ಲ. ಬೆಲೆ ಇಳಿಸುವುದೊಂದೇ ದಾರಿ. ಕೊಳ್ಳುವವರಿಗೆ ಶೇ 7ರ ಆದಾಯ ಸಿಗುವಷ್ಟರ ಮಟ್ಟಿಗೆ ಅದು ಇಳಿಯುತ್ತದೆ.

ಎಷ್ಟು ಇಳಿಯುತ್ತದೆ ಅನ್ನುವುದನ್ನು ಉಳಿದ ಅವಧಿ ತೀರ್ಮಾನಿಸುತ್ತದೆ. ಒಂದೇ ವರ್ಷ ಉಳಿದಿದ್ದರೆ ಬೆಲೆ ಸುಮಾರು 981. ಹತ್ತು ವರ್ಷ ಉಳಿದಿದ್ದರೆ 860. ಮೂವತ್ತು ವರ್ಷವಾದರೆ 752ರ ಹತ್ತಿರ. ಕಡಿಮೆ ಬಡ್ಡಿಯನ್ನು ಹೆಚ್ಚು ವರ್ಷ ಸಹಿಸಿಕೊಳ್ಳಬೇಕಾದವರು ಹೆಚ್ಚು ರಿಯಾಯಿತಿ ಕೇಳುತ್ತಾರೆ. ಪರೀಕ್ಷೆಯಲ್ಲಿ ತುಂಬಾ ಜನ ಈ ಭಾಗವನ್ನೇ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇಡೀ ಪಾಠದಲ್ಲಿ ಮುಖ್ಯವಾದದ್ದೇ ಇದು.

ಇನ್ನು ಮಾರದೆ ಇಟ್ಟುಕೊಳ್ಳುವ ಮಾತು. ಸಾಲ ಪಡೆದವರು ಕೈಕೊಡದಿದ್ದರೆ ಕೊನೆಗೆ ಪೂರ್ತಿ 1000 ಬರುತ್ತದೆ, ನಿಜ. ಆದರೆ ಅಲ್ಲಿಯವರೆಗೆ ಪ್ರತಿ ವರ್ಷ 70 ಸಿಗಬಹುದಾಗಿದ್ದ ಕಡೆ 50ಕ್ಕೆ ತೃಪ್ತಿಪಡಬೇಕು. ನಷ್ಟ ಒಂದೇ ದಿನ ಕಾಣುವ ಬದಲು ವರ್ಷಗಳ ಮೇಲೆ ಹರಡಿಕೊಳ್ಳುತ್ತದೆ, ಅಷ್ಟೇ. ಜೊತೆಗೆ, ಕೊನೆಯವರೆಗೂ ಇಟ್ಟುಕೊಳ್ಳುವ ಶಕ್ತಿ ನಿಮಗಿರಬೇಕು.

ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಸೋತಿದ್ದು ಇಲ್ಲೇ. ಠೇವಣಿದಾರರ ಹಣದ ದೊಡ್ಡ ಪಾಲನ್ನು ಅದು ದೀರ್ಘ ಅವಧಿಯ, ಕಡಿಮೆ ಬಡ್ಡಿಯ ಸಾಲಪತ್ರಗಳಲ್ಲಿ ಹಾಕಿತ್ತು. 2022ರ ಮಾರ್ಚ್‌ನಿಂದ ಒಂದು ವರ್ಷದೊಳಗೆ ಅಲ್ಲಿನ ಕೇಂದ್ರ ಬ್ಯಾಂಕ್ ಬಡ್ಡಿದರವನ್ನು ಸೊನ್ನೆಯ ಹತ್ತಿರದಿಂದ ಶೇ 4.5ರ ಮೇಲಕ್ಕೆ ಒಯ್ದಿತು. ಆ ಪತ್ರಗಳ ಬೆಲೆ ಕುಸಿಯಿತು. ಠೇವಣಿದಾರರು ಹಣ ತೆಗೆಯತೊಡಗಿದಾಗ ಬ್ಯಾಂಕ್ ಸುಮಾರು 2,100 ಕೋಟಿ ಡಾಲರ್ ಮೌಲ್ಯದ ಪತ್ರಗಳನ್ನು ಮಾರಿ, 180 ಕೋಟಿ ಡಾಲರ್ ನಷ್ಟ ಅನುಭವಿಸಿತು. ಆ ಸುದ್ದಿ ಹೊರಬಿದ್ದ ಮಾರನೇ ದಿನವೇ ಜನ 4,200 ಕೋಟಿ ಡಾಲರ್ ವಾಪಸ್ ಕೇಳಿದರು. 2023ರ ಮಾರ್ಚ್ 10ರಂದು ಬ್ಯಾಂಕ್ ಮುಚ್ಚಿತು. ಅದರ ಬಳಿ ಅಮೆರಿಕ ಸರ್ಕಾರದ್ದೇ ಸಾಲಪತ್ರಗಳೂ ಇದ್ದವು. ಮೋಸ ಹೋಗುವ ಭಯವಿಲ್ಲದ ಬಾಂಡಿಗೂ ಬಡ್ಡಿದರದ ಅಪಾಯ ತಪ್ಪಿದ್ದಲ್ಲ.

ಈಗ ತಿರುಗಿಸಿ ಲೆಕ್ಕ ಹಾಕಿ ನೋಡಿ. ಹತ್ತು ವರ್ಷದ ಅದೇ ಬಾಂಡಿಗೆ ಮಾರುಕಟ್ಟೆ ಬಡ್ಡಿ ಶೇ 3ಕ್ಕೆ ಇಳಿದರೆ ಬೆಲೆ ಎಷ್ಟು? ಮುಂದೆ ಬರುವ ಒಂದೊಂದು ಮೊತ್ತವನ್ನೂ ಎಷ್ಟನೇ ವರ್ಷ ಬರುತ್ತದೋ ಅಷ್ಟು ಸಲ 1.03ರಿಂದ ಭಾಗಿಸಿ, ಎಲ್ಲವನ್ನೂ ಕೂಡಿಸಿ. ಉತ್ತರ ಸುಮಾರು 1171 ಬರಬೇಕು.