ಪ್ರತಿಕ್ರಿಯೆ: ಹಾರ್ಡಿಯ ಅಂಚೆ ಕಾರ್ಡಿಗೆ ಮಕ್ಕಳು ನಗದಿರುವುದೇಕೆ?

ಮಾನ್ಯ ಅಧ್ಯಾಪಕರೇ,

ಕುಂಬಳೆಯ ನಿಮ್ಮ ಕನ್ನಡ ಮಾಧ್ಯಮದ ಒಂಬತ್ತನೇ ತರಗತಿಯಲ್ಲಿ ಇಂಗ್ಲಿಷ್ ಗಣಿತಜ್ಞ ಜಿ. ಎಚ್. ಹಾರ್ಡಿಯ ಅಂಚೆ ಕಾರ್ಡಿನ ಪ್ರಸಂಗಕ್ಕೆ ಯಾರೂ ನಗಲಿಲ್ಲವೆಂದೂ, ಅದನ್ನು ಗಣಿತ ಕ್ಲಬ್ಬಿನಲ್ಲಿ ಮತ್ತೆ ಹೇಳಬಹುದೇ ಎಂದೂ ಕೇಳಿದ್ದೀರಿ. ಖಂಡಿತ ಹೇಳಿ, ಆದರೆ ನಗುವಿಗೆ ಬೇಕಾದ ಹಿನ್ನೆಲೆಯನ್ನು ಮೊದಲೇ ಕೊಡಿ.

ಉತ್ತರ ಸಮುದ್ರವನ್ನು ದಾಟುವ ಮುನ್ನ ಹಾರ್ಡಿಯವರು, ಅವಿಭಾಜ್ಯ ಸಂಖ್ಯೆಗಳ ಹಂಚಿಕೆಗೆ ಸಂಬಂಧಿಸಿದ, 1859ರಿಂದ ಯಾರಿಗೂ ದಕ್ಕದ ರೀಮಾನ್ ಊಹೆಯನ್ನು ತಾನು ಸಾಧಿಸಿದ್ದೇನೆಂದು ಗೆಳೆಯ, ಡೇನಿಶ್ ಗಣಿತಜ್ಞ ಹರಾಲ್ಡ್ ಬೋರ್‌ಗೆ ಕಾರ್ಡು ಬರೆದರೆಂಬುದು ಕತೆ. ಇದರ ಸ್ವಾರಸ್ಯವಿರುವುದು ಫ್ರೆಂಚ್ ಗಣಿತಜ್ಞ ಫರ್ಮಾನಲ್ಲಿ. ಆತ ಸುಮಾರು 1637ರಲ್ಲಿ, ಒಂದು ಪ್ರಮೇಯಕ್ಕೆ ತನ್ನ ಬಳಿ ಸೊಗಸಾದ ಸಾಧನೆ (ಪ್ರೂಫ್) ಇದೆ, ಆದರೆ ಪುಸ್ತಕದ ಅಂಚಿನಲ್ಲಿ ಜಾಗ ಸಾಲದು ಎಂದು ಗೀಚಿಟ್ಟು, ಶತಮಾನಗಳ ಕಾಲ ಗಣಿತಜ್ಞರ ನಿದ್ದೆಗೆಡಿಸಿದ. ಹಡಗು ಮುಳುಗಿದರೆ, ಸಾಧನೆ ಅವರೊಂದಿಗೇ ಮುಳುಗಿತೆಂದು ಜನ ನಂಬಿ, ಹಾರ್ಡಿಗೂ ಅದೇ ಕೀರ್ತಿ. ದೇವರನ್ನು ತನ್ನ ವೈರಿಯೆಂದೇ ಎಣಿಸಿದ್ದ ಅವರಿಗೆ ಆ ದೇವರು ಅಂಥ ಕೀರ್ತಿಯನ್ನು ಕೊಡಲಾರ. ಆದ್ದರಿಂದ ಹಡಗು ಮುಳುಗದು!

ಎರಡರ ವರ್ಗಮೂಲ ಅಭಾಗಲಬ್ಧವೆಂದು ಸಾಧಿಸುವಾಗಲೂ, ಅದು ಭಿನ್ನರಾಶಿಯೆಂದು ಭಾವಿಸಿ ಅಸಂಗತಕ್ಕೆ ತಲಪುತ್ತೇವಲ್ಲವೇ? ಹಾರ್ಡಿಯ ತರ್ಕದ ಹೆಜ್ಜೆಯೂ ಅದೇ (ನನಗೆ ಈ ಪ್ರಸಂಗ ಬಹಳ ಪ್ರಿಯವಾಗಿರುವುದು ಇದಕ್ಕಾಗಿಯೇ). ಆ ಪಾಠವನ್ನು ಹಿಂದಿನ ದಿನ ಮುಗಿಸಿ, ಕತೆಯನ್ನು ‘ಕಾರ್ಡು ಬರೆದರು’ ಎಂಬಲ್ಲಿಗೆ ನಿಲ್ಲಿಸಿ, ಹಡಗೇಕೆ ಮುಳುಗದೆಂದು ಮಕ್ಕಳನ್ನೇ ಕೇಳಿ.