ನಾಲ್ಕು ಸೀಲಿಂಗ್ ಸ್ಪೀಕರ್‌ಗಳಿಗೆ ಓಮ್ ಲೆಕ್ಕ

8 ಓಮ್‌ನ ನಾಲ್ಕು ಸೀಲಿಂಗ್ ಸ್ಪೀಕರ್‌ಗಳನ್ನು ಎರಡೇ ಚಾನೆಲ್‌ನ ಆಂಪ್ಲಿಫೈಯರ್‌ಗೆ ಜೋಡಿಸಬಹುದೇ, ವ್ಯಾಟ್ ಹೆಚ್ಚಿದ್ದರೆ ಶಬ್ದವೂ ಹೆಚ್ಚುವುದೇ ಎಂದು ಕೇಳಿದ್ದೀರಿ. ಒಂದು ಚಾನೆಲ್‌ಗೆ ಎರಡು ಸ್ಪೀಕರ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ ಇಂಪೀಡೆನ್ಸ್ (ವಿದ್ಯುತ್ ಹರಿವಿಗೆ ಒಡ್ಡುವ ತಡೆ, ಓಮ್‌ನಲ್ಲಿ ಅಳೆಯುವುದು) 4 ಓಮ್‌ಗೆ ಇಳಿದು, ಆಂಪ್ಲಿಫೈಯರ್‌ನಿಂದ ಹೆಚ್ಚು ವಿದ್ಯುತ್ ಹರಿದು ಅದು ಬಿಸಿಯೇರುವುದರಿಂದ, ಅದರ ಹಿಂಬದಿಯಲ್ಲಿ 4 ಓಮ್ ನಮೂದಾಗಿದ್ದರೆ ಮಾತ್ರ ಹಾಗೆ ಮಾಡಿ. ಇಲ್ಲವಾದರೆ ಸರಣಿಯಲ್ಲಿ, ಅಂದರೆ ಒಂದರ ನಂತರ ಒಂದರಂತೆ ಜೋಡಿಸಿ, 16 ಓಮ್ ಆಗಿ ಶಬ್ದ ತಗ್ಗಿದರೂ ಯಂತ್ರ ಉಳಿಯುತ್ತದೆ. ವ್ಯಾಟ್‌ಗಿಂತ (ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವುದು ಎಷ್ಟೋ ಸಲ ಕ್ಷಣಿಕ ಗರಿಷ್ಠ ಅಂಕಿಯಷ್ಟೇ) ಸೆನ್ಸಿಟಿವಿಟಿಯನ್ನು, ಅಂದರೆ 1 ವ್ಯಾಟ್‌ಗೆ 1 ಮೀಟರ್ ದೂರದಲ್ಲಿ ದೊರೆಯುವ ಡೆಸಿಬೆಲ್ ಮಟ್ಟವನ್ನು ನೋಡುವುದು ಲೇಸು: 87 ಡೆಸಿಬೆಲ್‌ನ ಸ್ಪೀಕರ್ ನೀಡುವಷ್ಟೇ ಶಬ್ದವನ್ನು 90 ಡೆಸಿಬೆಲ್‌ನದು ಅರ್ಧದಷ್ಟು ಶಕ್ತಿಯಲ್ಲಿ ನೀಡುತ್ತದೆ. ತಂತಿಯ ಧನ, ಋಣ ತುದಿಗಳು ಒಂದೇ ಒಂದು ಸ್ಪೀಕರ್‌ನಲ್ಲಿ ಅದಲುಬದಲಾದರೂ ಬೇಸ್ (ತಗ್ಗಿನ ಸ್ವರಗಳ ಧ್ವನಿ) ಸೊರಗುತ್ತದೆ. ಸೀಲಿಂಗ್ ಮುಚ್ಚುವ ಮೊದಲೇ ನುಡಿಸಿ ಪರೀಕ್ಷಿಸಿ.