ಸಿಕ್ಕಿದ ಹುಳವನ್ನು ಅಂಟಿಸಿಡಿ

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ನಿಮ್ಮ ಪತ್ರ ಓದದವರಿಗಾಗಿ ಅದರ ಸಾರ ಇಷ್ಟು. ನೀವು ಕಂಪ್ಯೂಟರ್ ಸೈನ್ಸ್ ಎರಡನೇ ವರ್ಷದಲ್ಲಿದ್ದೀರಿ. ಸೋಮವಾರ ಒಂದು ಪ್ರೋಗ್ರಾಮಿನ ತಪ್ಪು ಹುಡುಕುವುದರಲ್ಲಿ ನಾಲ್ಕು ಗಂಟೆ ಹೋಯಿತು. ಮಂಗಳವಾರ ಸಂಖ್ಯಾಶಾಸ್ತ್ರದ ಪಾಠ ತಲೆಗೆ ಹತ್ತಲಿಲ್ಲ. ಬುಧವಾರ ಗುಂಪು ಪ್ರಾಜೆಕ್ಟಿಗೆ ಇಬ್ಬರು ಬರಲೇ ಇಲ್ಲ. ನೋಟ್ಸನ್ನು ಮೂರು ಸಲ ಓದಿದ್ದರೂ ಗುರುವಾರದ ಟೆಸ್ಟಿನಲ್ಲಿ ಬಂದದ್ದು 20ಕ್ಕೆ 11. ಶುಕ್ರವಾರ ಯಾರನ್ನೂ ಕೇಳದೆ ಒಂದು ಲೆಕ್ಕ ಬಿಡಿಸಿದಿರಿ. "ಇದು ಗೆಲುವಾ, ಇಲ್ಲ ಸುಮ್ನೆ ಸಮಾಧಾನ ಮಾಡಿಕೊಳ್ತಿದ್ದೀನಾ?" ಎಂದು ಕೇಳಿದ್ದೀರಿ.

ಗೆಲುವೇ, ಅನುಮಾನ ಬೇಡ. ಆದರೆ ನನಗೆ ಜಾಸ್ತಿ ಹಿಡಿಸಿದ್ದು ನಿಮ್ಮ ಸೋಮವಾರ. ಅದನ್ನು ನೀವು ದಂಡ ಎಂದು ಬರೆದಿದ್ದೀರಿ. ಹತ್ತು ಅಂಶಗಳ ಪಟ್ಟಿ, ಎಣಿಕೆ 0ಯಿಂದ ಶುರು, ಅಂದರೆ ಕೊನೆಯದು 9. ನಿಮ್ಮ ಲೂಪ್, ಅಂದರೆ ಪಟ್ಟಿಯ ಅಂಶಗಳನ್ನು ಒಂದೊಂದಾಗಿ ನೋಡುತ್ತ ಹೋಗುವ ಭಾಗ, 10ರವರೆಗೆ ಹೋಗಿ, ಇಲ್ಲದ ಜಾಗಕ್ಕೆ ಕೈಹಾಕಿತು. ಇಷ್ಟು ಚಿಕ್ಕ ತಪ್ಪಿಗೆ ನಾಲ್ಕು ಗಂಟೆಯಾ ಎಂದು ನಿಮಗೆ ನಾಚಿಕೆ. ಪ್ರೋಗ್ರಾಂ ಬರೆಯುವವರಲ್ಲಿ ಈ ತಪ್ಪನ್ನು ಮಾಡದವರೇ ಇಲ್ಲ. ಅದಕ್ಕೆ 'ಆಫ್ ಬೈ ಒನ್' (ಒಂದರಿಂದ ತಪ್ಪಿದ್ದು) ಎಂಬ ಹೆಸರೇ ಇದೆ. ಎಲ್ಲರೂ ಮಾಡುವ ತಪ್ಪಿಗೆ ತಾನೇ ಹೆಸರು ಬೀಳುವುದು!

1947ರ ಸೆಪ್ಟೆಂಬರಿನಲ್ಲಿ ಹಾರ್ವರ್ಡ್ ಮಾರ್ಕ್ 2 ಎಂಬ ಗಣಕಯಂತ್ರ ಕೈಕೊಟ್ಟಿತು. ಹುಡುಕಿದರೆ ಒಂದು ರಿಲೇಯೊಳಗೆ, ಅಂದರೆ ವಿದ್ಯುತ್ತಿನಿಂದ ಕೆಲಸ ಮಾಡುವ ಸ್ವಿಚ್ಚಿನೊಳಗೆ, ಪತಂಗ ಸಿಕ್ಕಿಕೊಂಡಿತ್ತು. (ಇಂಥ ದೋಷಕ್ಕೆ 'ಬಗ್', ಅಂದರೆ ಹುಳ, ಎನ್ನುತ್ತಾರೆ. ಆ ಪದ ಹುಟ್ಟಿದ್ದೇ ಅಲ್ಲಿ ಎನ್ನುವುದು ಸುಳ್ಳು. ಎಡಿಸನ್ 1878ರಲ್ಲೇ ಅದನ್ನು ಬಳಸಿದ್ದರು.) ಯಂತ್ರ ನೋಡಿಕೊಳ್ಳುತ್ತಿದ್ದವರು ಆ ಹುಳವನ್ನು ಎಸೆಯಲಿಲ್ಲ. ದಿನಚರಿ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿ, ಪಕ್ಕದಲ್ಲಿ ಟಿಪ್ಪಣಿ ಬರೆದರು. ನನಗೆ ಇಷ್ಟವಾಗುವುದು ಈ ಅಂಟಿಸಿದ ಕೆಲಸ.

ನಾನು ಓದುವಾಗ ಇದರ ಉಲ್ಟಾ ಮಾಡುತ್ತಿದ್ದೆ. ಲ್ಯಾಬ್ ರೆಕಾರ್ಡಿನಲ್ಲಿ ತಪ್ಪಿದ ರೀಡಿಂಗನ್ನೆಲ್ಲ ರಬ್ಬರಿನಿಂದ ಉಜ್ಜಿ ಅಳಿಸುತ್ತಿದ್ದೆ. ಪುಟ ಚೆನ್ನಾಗಿ ಕಾಣುತ್ತಿತ್ತು. ಮುಂದಿನ ವಾರ ಅದೇ ತಪ್ಪು ಮತ್ತೆ! ನೀವು ಒಂದು ನೋಟ್‌ಬುಕ್ ಇಡಿ. ಏನು ಕೆಟ್ಟಿತು, ಎಲ್ಲಿ ಹುಡುಕಿದೆ, ಕೊನೆಗೆ ಎಲ್ಲಿ ಸಿಕ್ಕಿತು ಎಂದು ಮೂರು ಸಾಲು ಬರೆದರೆ ಸಾಕು. ತಪ್ಪು ಎಲ್ಲಿ ಇರಲಿಲ್ಲ ಎಂಬುದನ್ನೂ ಬರೆಯಿರಿ. ನಿಮ್ಮ ನಾಲ್ಕು ಗಂಟೆಯಲ್ಲಿ ಜಾಸ್ತಿ ಪಾಲು ಅದೇ ತಾನೇ?

ಗುರುವಾರದ ವಿಷಯದಲ್ಲಿ ಮಾತ್ರ ನಿಮ್ಮ ಜತೆ ಸ್ವಲ್ಪ ಜಗಳವಿದೆ. ಮೂರು ಸಲ ಓದುವುದು ಕಷ್ಟಪಟ್ಟಂತೆ ಕಾಣುತ್ತದೆ, ಅಷ್ಟೆ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. ಕೆಲವರು ಪಾಠವನ್ನು ಮತ್ತೆ ಓದಿದರು. ಇನ್ನು ಕೆಲವರು ಪುಟ ಮುಚ್ಚಿ, ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ನೆನಪಿನಿಂದ ಬರೆದವರು ಮುಂದೆ! ಹಿಂದಿನ ರಾತ್ರಿ 'ಎಲ್ಲ ಬರುತ್ತೆ' ಎನ್ನಿಸಿದ್ದು ಎಲ್ಲಿ ಹೋಯಿತು ಎಂದು ಕೇಳಿದ್ದಿರಲ್ಲ, ಅಲ್ಲಿ ಹೋಯಿತು. ಮಂಗಳವಾರದ ಪಾಠಕ್ಕೂ ಇದೇ ದಾರಿ. ಪುಸ್ತಕ ಮುಚ್ಚಿ ಬರೆಯಲು ಕೂತರೆ ಎಲ್ಲಿ ನಿಂತುಹೋಗುತ್ತೀರಿ ಎಂಬುದು ಸಿಗುತ್ತದೆ. ಮೇಷ್ಟರ ಬಳಿ ಹೋಗಿ ಆ ಜಾಗವನ್ನೇ ತೋರಿಸಿ. 'ಏನೂ ಅರ್ಥವಾಗಲಿಲ್ಲ ಸಾರ್' ಎಂದರೆ ಪಾಪ, ಅವರು ಎಲ್ಲಿಂದ ಶುರುಮಾಡಬೇಕು?

ಬುಧವಾರಕ್ಕೆ ದೊಡ್ಡ ಔಷಧ ನನ್ನಲ್ಲಿಲ್ಲ. 'ಎಲ್ಲರೂ ಸೇರಿ ಮಾಡೋಣ' ಎಂದ ಕೆಲಸ ಯಾರದ್ದೂ ಅಲ್ಲ. ಯಾರು, ಯಾವುದು, ಯಾವತ್ತಿಗೆ ಎಂದು ಬರೆದು ಹಂಚಿ. ಆಮೇಲೂ ಬರದಿದ್ದರೆ ಮೇಷ್ಟರಿಗೆ ಹೇಳಿ, ಅದು ಚಾಡಿಯಲ್ಲ.

ಒಂದು ದೂರು ಉಳಿಯಿತು. ಸೋತದ್ದಕ್ಕೆ ಎರಡು ಪುಟ ಬರೆದು, ಶುಕ್ರವಾರದ ಲೆಕ್ಕಕ್ಕೆ ಒಂದೇ ಸಾಲು ಕೊಟ್ಟಿದ್ದೀರಿ. ಯಾವ ಲೆಕ್ಕ ಅದು? ಎಲ್ಲಿ ಸಿಕ್ಕಿಕೊಂಡಿದ್ದಿರಿ, ಹೇಗೆ ಬಿಡಿಸಿದಿರಿ? ಮುಂದಿನ ಪತ್ರದಲ್ಲಿ ಅದನ್ನು ಬರೆಯಿರಿ.

ನಿಮ್ಮ
ಸಂಪಾದಕ